ಸರ್ವೆ ನಂಬರು ತಾರೀಕಾಗುವ ಕತೆ

ಪಹಣಿಯಲ್ಲಿ ಸರ್ವೆ ನಂಬರು 12/3 ಎಂದಿದೆ. ಅದನ್ನು ಹಾಗೇ ಎಕ್ಸೆಲ್‌ನ ಒಂದು ಸೆಲ್‌ನಲ್ಲಿ ಹೊಡೆದು ಎಂಟರ್ ಒತ್ತಿ. ಕಣ್ಣೆದುರೇ ಅದು ಮಾರ್ಚ್ 12 ಆಗಿಬಿಡುತ್ತದೆ. ಯಂತ್ರದ ರೀಜನ್ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಡಿಸೆಂಬರ್ 3 ಆಗುತ್ತದೆ. ಗಾಬರಿಯಾಗಿ ಆ ಸೆಲ್ಲನ್ನು ಟೆಕ್ಸ್ಟ್ ಫಾರ್ಮ್ಯಾಟ್‌ಗೆ ಬದಲಿಸಿದರೆ ಇನ್ನೂ ಎಡವಟ್ಟು: 46093ರಂಥ ಐದಂಕಿ ಸಂಖ್ಯೆ ಬಂದು ಕೂರುತ್ತದೆ. ಎಕ್ಸೆಲ್ ತಾರೀಕನ್ನು ಒಳಗೊಳಗೆ ದಿನಗಳ ಎಣಿಕೆಯಾಗಿ ಇಟ್ಟುಕೊಳ್ಳುತ್ತದೆ. 1900ರ ಜನವರಿ 1ನ್ನು ಒಂದು ಎಂದು ಹಿಡಿದರೆ ಅದರ ಲೆಕ್ಕದಲ್ಲಿ 2026ರ ಮಾರ್ಚ್ 12 ಬರುವುದು 46093ಕ್ಕೆ. ಒಮ್ಮೆ ತಾರೀಕಾದ ಸರ್ವೆ ನಂಬರನ್ನು ಯಾವ ಬಟನ್ನೂ ವಾಪಸ್ ತರುವುದಿಲ್ಲ, ಅಳಿಸಿ ಮತ್ತೆ ಹೊಡೆಯಬೇಕು. ಹೊಡೆಯುವ ಮುಂಚೆಯೇ ಇಡೀ ಕಾಲಂ ಆಯ್ದುಕೊಂಡು ಟೆಕ್ಸ್ಟ್ ಎಂದು ಗುರುತು ಮಾಡಿದ್ದರೆ, ಇಲ್ಲವೇ ನಂಬರಿನ ಮುಂದೆ ಒಂದೇ ಒಂದು ಅಪಾಸ್ಟ್ರಫಿ ಹಾಕಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ.

ಕೋಲಾರದಲ್ಲಾಗಲಿ ಚಿಂತಾಮಣಿಯಲ್ಲಾಗಲಿ, ಕಂಪ್ಯೂಟರ್ ತರಬೇತಿ ಕೇಂದ್ರದ ಬೋರ್ಡಿನ ಮೇಲೆ ಇಂಥದ್ದನ್ನು ಯಾರೂ ಬರೆಸುವುದಿಲ್ಲ. ಅಲ್ಲಿರುವುದು ಸಾಫ್ಟ್‌ವೇರ್‌ಗಳ ಹೆಸರು: ಎಂಎಸ್ ಆಫೀಸ್, ಟ್ಯಾಲಿ, ಡಿಟಿಪಿ, ಫೋಟೋಶಾಪ್, ಸಿ, ಜಾವಾ, ಪೈಥಾನ್. ಪಟ್ಟಿ ಉದ್ದವಾದಷ್ಟೂ ಫೀಸು ಉದ್ದ. ಆದರೆ ಮಂಡಿಯಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ಕಾರ್ಖಾನೆಯ ಸ್ಟೋರ್ಸ್‌ನಲ್ಲೋ ಕೆಲಸಕ್ಕೆ ಕೂತ ಹುಡುಗ ಹುಡುಗಿಯರು ಎಡವುವುದು ಪೈಥಾನ್‌ನಲ್ಲಿ ಅಲ್ಲ. ಎಡವುವುದು ಸೊನ್ನೆ ಬಿದ್ದುಹೋದ ನಂಬರಿನಲ್ಲಿ, ಪೆನ್‌ಡ್ರೈವ್‌ನಿಂದ ತೆರೆದರೆ ಕಲಸುಮೇಲೋಗರವಾಗುವ ಕನ್ನಡದಲ್ಲಿ, 50 ಕೆಬಿಗೆ ಇಳಿಯದ ಫೋಟೋದಲ್ಲಿ. ಇವೆಲ್ಲ ಮೊದಲ ತಿಂಗಳಲ್ಲಿ ಕಲಿಯಬೇಕಾದ ಸಂಗತಿಗಳು. ಹೆಚ್ಚಿನ ಕಡೆ ಆ ತಿಂಗಳು ಪೇಂಟ್‌ನಲ್ಲಿ ಮನೆ, ತೆಂಗಿನಮರ, ಬೆಟ್ಟದ ನಡುವೆ ಸೂರ್ಯ ಬರೆಯುವುದರಲ್ಲಿ ಕಳೆದುಹೋಗುತ್ತದೆ. ಮೌಸ್ ಹಿಡಿಯೋದು ಕಲಿಯಲು ಎರಡು ದಿನ ಆ ಚಿತ್ರ ಸರಿ. ಮೂರನೇ ದಿನಕ್ಕೂ ಸೂರ್ಯ ಮುಳುಗದಿದ್ದರೆ ತೊಂದರೆ.

ಗಂಟೆಗಳ ಲೆಕ್ಕದಿಂದಲೇ ಶುರು ಮಾಡೋಣ. ಕೇಂದ್ರ ಸರ್ಕಾರದ ನೈಲಿಟ್ ಸಂಸ್ಥೆಯ ಸಿಸಿಸಿ ಎಂಬ ಕಂಪ್ಯೂಟರ್ ಪ್ರಾಥಮಿಕ ಕೋರ್ಸು 80 ಗಂಟೆಯದು. ಪರೀಕ್ಷೆ 100 ವಸ್ತುನಿಷ್ಠ ಪ್ರಶ್ನೆ, 90 ನಿಮಿಷ. ಅದಕ್ಕಿಂತ ಚಿಕ್ಕದಾದ ಬಿಸಿಸಿ 36 ಗಂಟೆಯದು. ಹಳ್ಳಿಗಳಿಗೆಂದು 2017ರಲ್ಲಿ ಬಂದ ಡಿಜಿಟಲ್ ಸಾಕ್ಷರತಾ ಅಭಿಯಾನದ ತರಬೇತಿ ಬರೀ 20 ಗಂಟೆಯದಾಗಿತ್ತು. ಅದರಲ್ಲಿ ಮೊಬೈಲ್‌ನಲ್ಲಿ ದುಡ್ಡು ಕಳಿಸುವುದು, ಅರ್ಜಿ ಹಾಕುವುದು ಬಂದರೆ ಅದೇ ಹೆಚ್ಚು. ದಿನಕ್ಕೆ ಎರಡು ಗಂಟೆಯಂತೆ 80 ಗಂಟೆ ಮುಗಿಯಲು 40 ತರಗತಿ ಬೇಕು, ಅಂದರೆ ವಾರಕ್ಕೆ ಆರು ದಿನ ಹಿಡಿದರೂ ಏಳು ವಾರ. ಲ್ಯಾಬಿನಲ್ಲಿ ಒಂದು ಯಂತ್ರಕ್ಕೆ ಇಬ್ಬರು ಕೂತರೆ ಕೀಬೋರ್ಡ್ ಕೈಗೆ ಸಿಗುವುದು 40 ಗಂಟೆ, ಮೂವರಾದರೆ 27ಕ್ಕಿಂತ ಕಡಿಮೆ. ಅದರಲ್ಲೂ ಕೀಬೋರ್ಡ್ ಹಿಡಿಯುವುದು ಸಾಮಾನ್ಯವಾಗಿ ಮೊದಲೇ ಸ್ವಲ್ಪ ಗೊತ್ತಿರುವವರು. ಪಕ್ಕದಲ್ಲಿ ಕೂತವರು ನೋಡಿ ಕಲಿಯುತ್ತಾರೆ, ಅಂದರೆ ಕಲಿಯುವುದಿಲ್ಲ. ಸೇರುವ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ ಫೀಸಿನದಲ್ಲ, ಒಂದು ಬ್ಯಾಚಿಗೆ ಎಷ್ಟು ಜನ, ಓಡುವ ಯಂತ್ರ ಎಷ್ಟು ಎಂಬುದು. "ಓಡುವ" ಎಂಬ ಪದಕ್ಕೆ ಒತ್ತು ಕೊಟ್ಟು ಕೇಳಿ.

ಟೈಪಿಂಗ್ ವಿಚಾರದಲ್ಲಿ ಯಾರಿಗೂ ಶ್ರದ್ಧೆ ಇಲ್ಲ. ಹಳೇ ಟೈಪಿಂಗ್ ಇನ್‌ಸ್ಟಿಟ್ಯೂಟುಗಳು ಮುಚ್ಚಿದ ಮೇಲೆ ಎರಡು ಬೆರಳಿನ ಕುಕ್ಕಾಟವೇ ಪದ್ಧತಿಯಾಗಿದೆ. ಎಫ್ ಮತ್ತು ಜೆ ಕೀಗಳ ಮೇಲೆ ಸಣ್ಣ ಉಬ್ಬುಗೆರೆ ಇರುವುದನ್ನು ಬೆರಳಿಂದ ಮುಟ್ಟಿ ನೋಡಿ. ಎರಡು ತೋರುಬೆರಳು ಕಣ್ಣಿಲ್ಲದೆಯೇ ಜಾಗ ಹುಡುಕಿಕೊಳ್ಳಲಿ ಎಂದೇ ಅದನ್ನು ಮಾಡಿರುವುದು. ವೇಗದ ಲೆಕ್ಕ ಹೀಗೆ: ಐದು ಕೀ ಒತ್ತಿದರೆ ಒಂದು ಪದ. ಡೇಟಾ ಎಂಟ್ರಿ ಹುದ್ದೆಗಳಿಗೆ ಸಾಮಾನ್ಯವಾಗಿ ಕೇಳುವ ಗಂಟೆಗೆ 8,000 ಕೀ ಎಂದರೆ ನಿಮಿಷಕ್ಕೆ 133, ಅಂದರೆ ಸುಮಾರು 27 ಪದ. ಕೇಂದ್ರದ ಸಿಬ್ಬಂದಿ ಆಯ್ಕೆ ಆಯೋಗ ಕಿರಿಯ ಗುಮಾಸ್ತ ಹುದ್ದೆಗೆ ಕೇಳುವ ಇಂಗ್ಲಿಷ್ ವೇಗ ನಿಮಿಷಕ್ಕೆ 35 ಪದ, ಗಂಟೆಗೆ 10,500 ಕೀ. ಎರಡು ಬೆರಳಿನವರಲ್ಲಿ ಬಹಳ ಜನ ಇದಕ್ಕಿಂತ ಕೆಳಗೇ ನಿಂತುಬಿಡುತ್ತಾರೆ. ಹತ್ತು ಬೆರಳಿಗೆ ಬದಲಾದಾಗ ಮೊದಲ ಎರಡು ಮೂರು ವಾರ ವೇಗ ಇದ್ದದ್ದಕ್ಕಿಂತ ಬೀಳುತ್ತದೆ. ಬಿಟ್ಟುಹೋಗುವವರೆಲ್ಲ ಬಿಡುವುದು ಆ ವಾರಗಳಲ್ಲೇ. ಕೈ ಮೇಲೆ ಒಂದು ಕರ್ಚೀಫು ಹಾಕಿಕೊಂಡು ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಆರು ದಿನ, ಮೂರು ತಿಂಗಳು ಕೂತರೆ ಆಗುವುದು 39 ಗಂಟೆ. ಅಷ್ಟು ಸಾಕು. ಒಂದೇ ಭಾನುವಾರ ಐದು ಗಂಟೆ ಕೂತರೆ ಸಾಲದು, ಮಣಿಕಟ್ಟು ನೋಯುತ್ತದೆ ಅಷ್ಟೆ.

ಕನ್ನಡದ ಟೈಪಿಂಗ್‌ಗೆ ಬಂದರೆ ವಿಷಯ ಇನ್ನೂ ಸೊಗಸು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನೇ ಆಧರಿಸಿ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಬಂತು. ಸರ್ಕಾರಿ ಕಚೇರಿಗಳಲ್ಲಿ ನಡೆಯುವುದು ಅದೇ. ಅದರಲ್ಲಿ ಒತ್ತಕ್ಷರ ಜೋಡಿಸುವ ಕೀ ಎಫ್. ಅಂದರೆ ಎಡಗೈ ತೋರುಬೆರಳು ಸದಾ ಕೂತಿರುವ ಜಾಗದಲ್ಲೇ ಕನ್ನಡಕ್ಕೆ ಹೆಚ್ಚು ಬೇಕಾದ ಕೀ ಇದೆ. ಅಲ್ಪಪ್ರಾಣಕ್ಕೆ ಕೀ ಮಾತ್ರ, ಮಹಾಪ್ರಾಣಕ್ಕೆ ಶಿಫ್ಟ್ ಜೊತೆಗೆ. ಚಿಕ್ಕಬಳ್ಳಾಪುರ ಎಂದು ಹೊಡೆಯುವುದನ್ನೇ ಬಿಡಿಸಿ ನೋಡಿ: ಸಿ, ಐ, ಕೆ, ಎಫ್, ಕೆ, ಬಿ, ಶಿಫ್ಟ್ ಎಲ್, ಎಫ್, ಶಿಫ್ಟ್ ಎಲ್, ಶಿಫ್ಟ್ ಎ, ಪಿ, ಯು, ಆರ್. ಹದಿಮೂರು ಸಲ ಒತ್ತಿದರೆ ಪರದೆಯ ಮೇಲೆ ಆರು ಅಕ್ಷರ. ಕೋಲಾರ ಐದೇ ಒತ್ತಿಗೆ ಮುಗಿಯುತ್ತದೆ. ಈ ವಿಷಯದಲ್ಲಾದರೂ ಹಳೇ ಜಿಲ್ಲೆಗೆ ಅನುಕೂಲ.

ಎಡವಟ್ಟಾಗುವುದು ಯಂತ್ರ ಬದಲಾದಾಗ. ವಿಂಡೋಸ್ ಜೊತೆಗೇ ಬರುವ ಕನ್ನಡ ಕೀಬೋರ್ಡು ನುಡಿಯದ್ದಲ್ಲ, ಇನ್‌ಸ್ಕ್ರಿಪ್ಟ್ ವಿನ್ಯಾಸದ್ದು. ಅದರಲ್ಲಿ ಒತ್ತಕ್ಷರದ ಕೀ ಡಿ. ಎಫ್ ಒತ್ತಿದರೆ ಗುಡಿಸು ಬರುತ್ತದೆ. ನುಡಿಯಲ್ಲಿ ಕಲಿತ ಬೆರಳು ಅಲ್ಲಿ ಕೆ, ಎಫ್, ಕೆ ಎಂದು ಹೊಡೆದರೆ "ಕ್ಕ" ಬರುವ ಕಡೆ "ಕಿಕ" ಬರುತ್ತದೆ. ಪರೀಕ್ಷಾ ಕೇಂದ್ರದಲ್ಲಿ ಹೀಗಾದಾಗ ಕೈನಡುಗಿ ಅರ್ಧ ಸಮಯ ಹೋಗುತ್ತದೆ. ಯಾವ ವಿನ್ಯಾಸದಲ್ಲಿ ಪರೀಕ್ಷೆ ಎಂದು ಅಧಿಸೂಚನೆಯಲ್ಲಿ ಓದಿಕೊಂಡು ಅದರಲ್ಲೇ ಅಭ್ಯಾಸ ಮಾಡಬೇಕು. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವ ಅಭ್ಯಾಸ ಇಲ್ಲಿ ಕೈಹಿಡಿಯುವುದಿಲ್ಲ. ಅಲ್ಲಿ ಪದ ಊಹಿಸಿ ಕೊಡುವುದು ಫೋನು, ಇಲ್ಲಿ ಯಾರೂ ಊಹಿಸುವುದಿಲ್ಲ.

ಇನ್ನೊಂದು, ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಕಾಣೆಯಾಗುವ ಸಮಸ್ಯೆ. ಹಳೇ ನುಡಿ ಫಾಂಟುಗಳಲ್ಲಿ ಹೊಡೆದ ಕಡತದೊಳಗೆ ನಿಜಕ್ಕೂ ಕನ್ನಡ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರ ತೊಡಿಸಿರುತ್ತಾರೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ "ಕನ್ನಡ" ಎಂಬ ಪದ ಪಿ ಅಕ್ಷರ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಮತ್ತು ನಡುವೆ ಬ್ರಿಟನ್ನಿನ ಪೌಂಡ್ ಗುರುತು ಆಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಹೀಗಿಲ್ಲ, ಕನ್ನಡಕ್ಕೆ ಅದರದೇ ಸಂಕೇತಗಳಿವೆ. ತುಂಗ, ನಿರ್ಮಲ, ನೋಟೋ ಯಾವ ಫಾಂಟಿನಲ್ಲಾದರೂ ಓದಬಹುದು. ಹಳೇ ಕಡತಗಳನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಬಹುದು, ಆದರೆ ಮಾಡಿದ ಮೇಲೆ ಎರಡು ಕಡೆ ಕಣ್ಣಿಡಬೇಕು. ನಡುನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿ ಮಾಡಿರುತ್ತದೆ. ಅರ್ಕಾವತ್ತು ಇರುವ ಪದಗಳೂ ಕೆಲವು ಸಲ ಮುರಿದಿರುತ್ತವೆ. ಜೆರಾಕ್ಸ್ ಅಂಗಡಿಗೆ ಪ್ರಿಂಟಿಗೆ ಕೊಡುವಾಗ ವರ್ಡ್ ಫೈಲ್ ಕೊಡಬೇಡಿ, ಪಿಡಿಎಫ್ ಮಾಡಿ ಕೊಡಿ. ಫಾಂಟು ಪಿಡಿಎಫ್‌ನೊಳಗೇ ಸೇರಿಕೊಂಡಿರುವುದರಿಂದ ಅಂಗಡಿಯ ಯಂತ್ರದಲ್ಲಿ ಏನಿದೆ ಏನಿಲ್ಲ ಎಂಬ ಚಿಂತೆ ಇರುವುದಿಲ್ಲ.

ವರ್ಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಲು ಹೊಂದಿಸಲು ಸ್ಪೇಸ್‌ಬಾರ್ ಕುಟ್ಟುವುದು, ಮುಂದಿನ ಪುಟಕ್ಕೆ ಹೋಗಲು ಎಂಟರ್ ಕುಟ್ಟುವುದು, ಈ ಎರಡು ಚಟ ಬಿಟ್ಟರೆ ಅರ್ಧ ವರ್ಡ್ ಬಂದಂತೆ. ಮೊದಲನೆಯದಕ್ಕೆ ಟ್ಯಾಬ್ ಇಲ್ಲವೇ ಟೇಬಲ್, ಎರಡನೆಯದಕ್ಕೆ ಕಂಟ್ರೋಲ್ ಹಿಡಿದು ಎಂಟರ್.

ಎಕ್ಸೆಲ್ ಹಾಗಲ್ಲ, ಅದರಲ್ಲಿ ನಿಧಾನವಾಗಿ ನಿಲ್ಲಬೇಕು. ಪುಸ್ತಕಗಳಲ್ಲಿ ಕೊಡುವ ಅಭ್ಯಾಸವೆಂದರೆ ಹತ್ತು ವಿದ್ಯಾರ್ಥಿಗಳ ಅಂಕಪಟ್ಟಿ. ಕೋಲಾರದಲ್ಲಿ ಕೂತು ಅಂಕಪಟ್ಟಿ ಯಾಕೆ? ಊರಾಚೆಯೇ ದೇಶಕ್ಕೆ ಗೊತ್ತಿರುವ ಟೊಮೇಟೊ ಮಾರುಕಟ್ಟೆ ಇದೆ, 15 ಕೆ.ಜಿ. ಬಾಕ್ಸಿನ ಲೆಕ್ಕದಲ್ಲಿ ದರ ಕೂಗುತ್ತಾರೆ. ಒಬ್ಬ ರೈತರ ಮೂರು ಲಾಟು ಎಂದುಕೊಳ್ಳಿ: ಮೊದಲನೆಯದು 42 ಬಾಕ್ಸ್, ದರ 310, ಎರಡನೆಯದು 27 ಬಾಕ್ಸ್, 280, ಮೂರನೆಯದು ಸಣ್ಣ ಕಾಯಿ, 18 ಬಾಕ್ಸ್, 190. ಎ ಕಾಲಂನಲ್ಲಿ ಲಾಟು, ಬಿಯಲ್ಲಿ ಬಾಕ್ಸ್, ಸಿಯಲ್ಲಿ ದರ, ಡಿಯಲ್ಲಿ ಮೊತ್ತ, ಇಯಲ್ಲಿ ಗಾಡಿ ಬಾಡಿಗೆ. ಬಾಡಿಗೆ ಬಾಕ್ಸಿಗೆ 12 ರೂಪಾಯಿ, ಅದನ್ನು ಎಫ್1 ಸೆಲ್‌ನಲ್ಲಿ ಒಂದೇ ಕಡೆ ಬರೆದಿಡಿ. ಡಿ2ರಲ್ಲಿ ಬಿ2 ಗುಣಿಲೆ ಸಿ2 ಹಾಕಿ ಕೆಳಕ್ಕೆ ಎಳೆದರೆ 13,020, 7,560, 3,420, ಒಟ್ಟು 24,000. ಇಲ್ಲಿವರೆಗೆ ಎಲ್ಲರದ್ದೂ ಸರಿ ಬರುತ್ತದೆ.

ಈಗ ಇ2ರಲ್ಲಿ ಬಿ2 ಗುಣಿಲೆ ಎಫ್1 ಎಂದು ಹಾಕಿ ಎಳೆಯಿರಿ. ಮೊದಲ ಸಾಲಿಗೆ 504 ಸರಿಯಾಗಿ ಬರುತ್ತದೆ, ಎರಡು ಮೂರನೇ ಸಾಲಿಗೆ ಸೊನ್ನೆ. ಎಳೆದಾಗ ಎಫ್1 ಕೂಡ ಒಂದೊಂದೇ ಮೆಟ್ಟಿಲು ಕೆಳಗಿಳಿದು ಎಫ್2, ಎಫ್3 ಆಗಿರುತ್ತದೆ, ಅಲ್ಲಿ ಏನೂ ಇಲ್ಲ. ಫಾರ್ಮುಲಾ ಹೊಡೆಯುವಾಗಲೇ ಎಫ್1ರ ಮೇಲೆ ಕರ್ಸರ್ ಇಟ್ಟು ಎಫ್4 ಕೀ ಒತ್ತಿದರೆ ಅಕ್ಷರಕ್ಕೂ ಅಂಕಿಗೂ ಮುಂದೆ ಡಾಲರ್ ಗುರುತು ಬಂದು ಆ ಸೆಲ್ಲಿಗೆ ಗೂಟ ಹೊಡೆದಂತಾಗುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್ಎನ್ ಕೀಯನ್ನೂ ಹಿಡಿಯಬೇಕು, ಇಲ್ಲದಿದ್ದರೆ ಬೆಳಕೋ ಸದ್ದೋ ಏರಿಳಿಯುತ್ತದೆ. ಗೂಟ ಹೊಡೆದ ಮೇಲೆ 87 ಬಾಕ್ಸಿಗೆ ಬಾಡಿಗೆ 1,044, ರೈತರ ಕೈಗೆ 22,956. ಗೂಟವಿಲ್ಲದ ಪಟ್ಟಿಯಲ್ಲಿ 23,496 ಬಂದಿರುತ್ತದೆ. ವ್ಯತ್ಯಾಸ 540 ರೂಪಾಯಿ. ಅಂಕಪಟ್ಟಿಯಲ್ಲಿ ಈ ತಪ್ಪು ಯಾರ ಗಮನಕ್ಕೂ ಬರುವುದಿಲ್ಲ. ಮಂಡಿಯಲ್ಲಿ ಸಂಜೆಯೊಳಗೆ ಗಲಾಟೆ.

ದರದ ಕಾಲಂನಲ್ಲಿ ಅಭ್ಯಾಸಬಲದಿಂದ 310ರ ಮುಂದೆ ಓರೆಗೀಟು, ಅಡ್ಡಗೀಟು ಎಳೆದರೆ ಅದು ಸಂಖ್ಯೆಯಲ್ಲ, ಬರಹ. ಗುಣಾಕಾರ ಮಾಡಿದರೆ ವ್ಯಾಲ್ಯೂ ಎರರ್ ತೋರಿಸಿ ಎಚ್ಚರಿಸುತ್ತದೆ, ಅದು ಒಳ್ಳೆಯದೇ. ಅಪಾಯ ಇರುವುದು ಸಮ್ ಫಾರ್ಮುಲಾದಲ್ಲಿ. ಅದು ಬರಹವನ್ನು ತುಟಿ ಬಿಚ್ಚದೆ ದಾಟಿಕೊಂಡು ಉಳಿದದ್ದನ್ನು ಕೂಡಿಸಿ ಕೊಡುತ್ತದೆ. ಪತ್ತೆ ಹಚ್ಚುವ ದಾರಿ ಸುಲಭ: ಸಂಖ್ಯೆ ಸೆಲ್ಲಿನ ಬಲಕ್ಕೆ ಕೂರುತ್ತದೆ, ಬರಹ ಎಡಕ್ಕೆ. ಕಾಲಂ ಮೇಲಿಂದ ಕೆಳಗೆ ಒಮ್ಮೆ ಕಣ್ಣು ಹಾಯಿಸಿದರೆ ಎಡಕ್ಕೆ ಒರಗಿದ ಕಳ್ಳ ಸಿಕ್ಕಿಬೀಳುತ್ತಾನೆ.

ತಾರೀಕಿನ ವಿಚಾರದಲ್ಲೂ ಇದೇ ಕಳ್ಳ. ರೀಜನ್ ಅಮೆರಿಕಕ್ಕಿದ್ದು 05/06/2025 ಎಂದು ಹೊಡೆದರೆ ಯಂತ್ರ ಅದನ್ನು ಮೇ 6 ಎಂದು ತಿಳಿಯುತ್ತದೆ. 25/06/2025 ಹೊಡೆದರೆ 25ನೇ ತಿಂಗಳು ಇಲ್ಲದಿರುವುದರಿಂದ ಬರಹವಾಗಿ ಬಿಟ್ಟುಬಿಡುತ್ತದೆ. ಹೀಗೆ ತಿಂಗಳ ಮೊದಲ 12 ದಿನ ತಪ್ಪು ತಾರೀಕು, ಉಳಿದ ದಿನಗಳು ತಾರೀಕೇ ಅಲ್ಲ. ಸಾರ್ಟ್ ಮಾಡಿದಾಗ ಪಟ್ಟಿ ಚೆಲ್ಲಾಪಿಲ್ಲಿ. ವಿಂಡೋಸ್ ಸೆಟ್ಟಿಂಗ್‌ನಲ್ಲಿ ರೀಜನ್‌ಗೆ ಹೋಗಿ ಇಂಗ್ಲಿಷ್ ಇಂಡಿಯಾ ಎಂದು ಆರಿಸಿ, ಇದು ಕೋರ್ಸಿನ ಮೊದಲ ದಿನದ ಕೆಲಸ.

ಕೋಲಾರದ ದೂರವಾಣಿ ಸಂಕೇತ 08152ರ ಮೊದಲ ಸೊನ್ನೆ ಉದುರುವುದು, 12 ಅಂಕಿಯ ಆಧಾರ್ ಸಂಖ್ಯೆ ನಡುವೆ ಇ ಅಕ್ಷರ ಬಂದು ಮೊಟಕಾಗುವುದು, ಇವೂ ಇದೇ ಕುಲದ ತೊಂದರೆಗಳು. ಎಕ್ಸೆಲ್ ನೆನಪಿಟ್ಟುಕೊಳ್ಳುವುದು 15 ಅಂಕಿ ಮಾತ್ರ. 16 ಅಂಕಿಯ ಖಾತೆ ಸಂಖ್ಯೆ ಹೊಡೆದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಯಾವ ಎಚ್ಚರಿಕೆಯೂ ಇಲ್ಲದೆ. ದುಡ್ಡು ಬೇರೆ ಖಾತೆಯನ್ನು ಹುಡುಕಿಕೊಂಡು ಹೊರಡಲು ಇಷ್ಟು ಸಾಕು. ಲೆಕ್ಕ ಮಾಡದ ಅಂಕಿ ಯಾವುದೇ ಇರಲಿ, ಅದು ಟೆಕ್ಸ್ಟ್. ಪಿನ್‌ಕೋಡನ್ನು ಯಾರೂ ಕೂಡಿಸುವುದಿಲ್ಲವಲ್ಲ.

ಊರಿನ ಹೆಸರುಗಳ ಗೋಜಲು ಈ ಸೀಮೆಯವರಿಗೆ ವಿಶೇಷ ಕೊಡುಗೆ. 2007ರಲ್ಲಿ ಕೋಲಾರ ಜಿಲ್ಲೆಯಿಂದ ಚಿಕ್ಕಬಳ್ಳಾಪುರ ಬೇರೆಯಾಯಿತು. ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಗೌರಿಬಿದನೂರು ಕಡೆಯವರ ಅದಕ್ಕೂ ಹಳೆಯ ಅಂಕಪಟ್ಟಿ, ಪ್ರಮಾಣಪತ್ರಗಳಲ್ಲಿ ಜಿಲ್ಲೆ ಕೋಲಾರ ಎಂದೇ ಇದೆ. ಕಾಗದದಲ್ಲಿದ್ದಂತೆ ಹೊಡೆಯಬೇಕೋ ಈಗಿನ ಜಿಲ್ಲೆ ಹೊಡೆಯಬೇಕೋ? ದಾಖಲೆಯ ನಕಲಾದರೆ ಇದ್ದಂತೆ, ವಿಳಾಸವಾದರೆ ಈಗಿನದು. ಎರಡಕ್ಕೂ ಬೇರೆ ಬೇರೆ ಕಾಲಂ ಇಡುವುದು ಒಳ್ಳೆಯದು. 2014ರ ನವೆಂಬರ್ 1ರಿಂದ ತುಮಕೂರಿನ ಇಂಗ್ಲಿಷ್ ಕಾಗುಣಿತವೂ ಕನ್ನಡದ ಉಚ್ಚಾರಕ್ಕೆ ತಕ್ಕಂತೆ ಬದಲಾಯಿತು. ಹಳೇ ಪಟ್ಟಿಯೂ ಹೊಸ ಪಟ್ಟಿಯೂ ಸೇರಿದ ಕಡತದಲ್ಲಿ ಫಿಲ್ಟರ್ ಹಾಕಿದರೆ ಎರಡು ತುಮಕೂರು ಸಿಗುತ್ತವೆ. ಚಿಕ್ಕಬಳ್ಳಾಪುರಕ್ಕಂತೂ ಇಂಗ್ಲಿಷಿನಲ್ಲಿ ಕೈಗೊಂದು ಕಾಗುಣಿತ. ಮುಳಬಾಗಿಲು, ಬಂಗಾರಪೇಟೆ, ಶ್ರೀನಿವಾಸಪುರಗಳ ಪಾಡೂ ಅದೇ. ಕೊನೆಯಲ್ಲಿ ಕಾಣದ ಒಂದು ಸ್ಪೇಸ್ ಇದ್ದರೂ ಯಂತ್ರಕ್ಕೆ ಅದು ಬೇರೆ ಊರು. ಡೇಟಾ ವ್ಯಾಲಿಡೇಷನ್‌ನಲ್ಲಿ ತಾಲ್ಲೂಕುಗಳ ಪಟ್ಟಿ ಕೊಟ್ಟು, ಹೊಡೆಯುವ ಬದಲು ಆರಿಸುವ ಹಾಗೆ ಮಾಡಿದರೆ ಸಮಸ್ಯೆ ಬುಡದಲ್ಲೇ ಮುಗಿಯುತ್ತದೆ. ಈಗಾಗಲೇ ಕೆಟ್ಟ ಪಟ್ಟಿಗೆ ಟ್ರಿಮ್ ಫಾರ್ಮುಲಾ, ಆಮೇಲೆ ಫೈಂಡ್ ಅಂಡ್ ರಿಪ್ಲೇಸ್.

ಅರ್ಜಿ ಹಾಕುವ ಕೆಲಸದಲ್ಲಿ, ಅಂದರೆ ಗ್ರಾಮ ಒನ್, ಸೇವಾ ಕೇಂದ್ರ, ಜೆರಾಕ್ಸ್ ಅಂಗಡಿಗಳಲ್ಲಿ, ದಿನದ ಹೆಚ್ಚು ಹೊತ್ತು ಹೋಗುವುದು ಫೋಟೋ ಮತ್ತು ಸ್ಕ್ಯಾನಿಗೆ. ಫೋನಿನ ಒಂದು ಚಿತ್ರ ಮೂರು ನಾಲ್ಕು ಎಂಬಿ. ಅರ್ಜಿ ಕೇಳುವುದು 50 ಕೆಬಿಯೊಳಗೆ. ಬರೀ ಕ್ವಾಲಿಟಿ ಇಳಿಸುತ್ತಾ ಹೋದರೆ ಮುಖ ಚೌಕಚೌಕವಾಗುತ್ತದೆ. ಕ್ರಮ ತಪ್ಪಬಾರದು: ಮೊದಲು ಮುಖದಿಂದ ಹೆಗಲಿನವರೆಗೆ ಕತ್ತರಿಸಿ, ಆಮೇಲೆ ಅಳತೆ ಇಳಿಸಿ, ಕೊನೆಗೆ ಬೇಕಾದರೆ ಮಾತ್ರ ಕ್ವಾಲಿಟಿ. 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರದ ಪಾಸ್‌ಪೋರ್ಟ್ ಫೋಟೋ 300 ಡಿಪಿಐಗೆ, ಅಂದರೆ ಇಂಚಿಗೆ 300 ಚುಕ್ಕಿಯ ಲೆಕ್ಕಕ್ಕೆ, 413 ಗುಣಿಲೆ 531 ಪಿಕ್ಸೆಲ್. ಪೇಂಟ್‌ನ ರೀಸೈಜ್‌ನಲ್ಲಿ ಪಿಕ್ಸೆಲ್ ಆರಿಸಿ ಅಗಲ 413 ಕೊಟ್ಟರೆ ಬಹುತೇಕ ಫೋಟೋಗಳು ಅಲ್ಲಿಗೇ ಹತ್ತಿರ ಬರುತ್ತವೆ. ಪೇಂಟ್ ಕಲಿತದ್ದಕ್ಕೆ ಇದು ಸಾರ್ಥಕ, ಸೂರ್ಯ ಬರೆದದ್ದಕ್ಕಲ್ಲ. ಫೋಟೋವನ್ನು ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಳ್ಳುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಫೋಟೋ ಆಗಿ ಕಳಿಸಿದರೆ ದಾರಿಯಲ್ಲೇ ಕುಗ್ಗಿರುತ್ತದೆ, ಅದನ್ನು ಮತ್ತೆ ಕುಗ್ಗಿಸಿದರೆ ಮಸುಕು. ಅಂಕಪಟ್ಟಿ ಸ್ಕ್ಯಾನಿಗೆ 300 ಡಿಪಿಐ ಬೇಕಿಲ್ಲ, ಎ4 ಹಾಳೆ ಆಗ 2480 ಗುಣಿಲೆ 3508 ಪಿಕ್ಸೆಲ್ ಆಗಿ ಫೈಲು ಊದುತ್ತದೆ. ಗ್ರೇ ಬಣ್ಣದಲ್ಲಿ 150 ಸಾಕು.

ಫೈಲಿಗೆ ಹೆಸರಿಡುವುದನ್ನೂ ಕಲಿಸಬೇಕಾಗಿದೆ ಎಂದರೆ ನಗಬೇಡಿ. ಸ್ಕ್ಯಾನರ್ ಕೊಟ್ಟ ಹೆಸರಲ್ಲೇ ಬಿಟ್ಟ ನಲವತ್ತು ಕಡತಗಳ ನಡುವೆ ಯಾರದೋ ಜಾತಿ ಪ್ರಮಾಣಪತ್ರ ಯಾರದೋ ಅರ್ಜಿಗೆ ಅಂಟಿಕೊಳ್ಳುತ್ತದೆ. ವರ್ಷ, ತಿಂಗಳು, ದಿನ, ಆಮೇಲೆ ಹೆಸರು, ಆಮೇಲೆ ದಾಖಲೆ, ಈ ಕ್ರಮದಲ್ಲಿ ಇಟ್ಟರೆ ಫೋಲ್ಡರ್ ತಾನೇ ತಾರೀಕುವಾರು ಜೋಡಿಸಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಗಿರಾಕಿಯ ಕಡತ ಅಳಿಸುವುದು, ಬ್ರೌಸರ್ ಪಾಸ್‌ವರ್ಡ್ ಉಳಿಸಲೇ ಎಂದಾಗ ಬೇಡ ಎನ್ನುವುದು, ಆಧಾರ್‌ನ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಸಾಕಾಗುವ ಕಡೆ ಅದನ್ನೇ ಕೊಡುವುದು, ಇವೂ ಆ ಕೆಲಸದ ಭಾಗವೇ.

ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್ ನಂಬಿ ಹೊಟ್ಟೆ ಹೊರೆಯುವವರು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಈ ಮೂರೂ ಜಿಲ್ಲೆಯಲ್ಲಿ ಬಹಳ ಜನ. ಕೀಗಳು ಒಂದೇ ವಾರಕ್ಕೆ ಬಾಯಿಗೆ ಬರುತ್ತವೆ: ಎಫ್4 ಕಾಂಟ್ರಾ, ಎಫ್5 ಪೇಮೆಂಟ್, ಎಫ್6 ರಸೀದಿ, ಎಫ್7 ಜರ್ನಲ್, ಎಫ್8 ಮಾರಾಟ, ಎಫ್9 ಖರೀದಿ. ಕಷ್ಟ ಬೇರೆ ಕಡೆ ಇದೆ. ಲೈಸೆನ್ಸ್ ಇಲ್ಲದ ಎಜುಕೇಷನಲ್ ಮೋಡ್‌ನಲ್ಲಿ ತಿಂಗಳ 1, 2 ಮತ್ತು 31ನೇ ತಾರೀಕಿಗೆ ಮಾತ್ರ ಎಂಟ್ರಿ ಆಗುತ್ತದೆ. ಮೂರು ತಿಂಗಳು ಹೀಗೇ ಕಲಿತವರಿಗೆ ವ್ಯಾಪಾರವೆಲ್ಲ ಒಂದನೇ ತಾರೀಕೇ ನಡೆಯುತ್ತದೆಂಬ ಭಾವನೆ ಬಂದಿರುತ್ತದೆ. 7ಕ್ಕೆ ಕೊಟ್ಟ ಚೆಕ್ಕು 11ಕ್ಕೆ ಪಾಸಾಗುವುದು, ಆ ನಡುವೆ ನಮ್ಮ ಪುಸ್ತಕಕ್ಕೂ ಬ್ಯಾಂಕಿನ ಪುಸ್ತಕಕ್ಕೂ ತಾಳೆಯಾಗದಿರುವುದು, ಇದನ್ನು ಕೈಯಾರೆ ಮಾಡಿಯೇ ಇರುವುದಿಲ್ಲ. ಸಂಸ್ಥೆಯಲ್ಲಿ ಲೈಸೆನ್ಸ್ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಕನಿಷ್ಠ ಒಂದು ತಿಂಗಳ ಬ್ಯಾಂಕ್ ಹೊಂದಾಣಿಕೆಯನ್ನು ಕಾಗದದ ಮೇಲಾದರೂ ಮಾಡಿಸುತ್ತಾರಾ ಎಂದು ಕೇಳಿ.

ಲೆಡ್ಜರ್, ಅಂದರೆ ಒಂದೊಂದು ಖಾತೆ, ಯಾವ ಗ್ರೂಪಿನಡಿ ಎಂಬುದು ಎರಡನೇ ಕಷ್ಟ. ಸರಕು ತರಿಸಿದ ಲಾರಿ ಬಾಡಿಗೆ ಡೈರೆಕ್ಟ್ ಖರ್ಚು, ಅಂಗಡಿ ಬಾಡಿಗೆ ಇನ್‌ಡೈರೆಕ್ಟ್. ಎರಡೂ "ಬಾಡಿಗೆ"ಯೇ ಎಂದು ಒಂದರಲ್ಲೇ ಹಾಕಿದರೆ ನಿವ್ವಳ ಲಾಭ ಸರಿಯೇ ಇರುತ್ತದೆ, ಇನ್‌ಡೈರೆಕ್ಟ್ ಖರ್ಚು ಕಳೆಯುವ ಮುಂಚಿನ ಗ್ರಾಸ್ ಲಾಭ ಮಾತ್ರ ಸುಳ್ಳು ಹೇಳುತ್ತದೆ. ಕೊನೆಯ ಮೊತ್ತ ಸರಿ ಇರುವುದರಿಂದಲೇ ತಪ್ಪು ವರ್ಷಗಟ್ಟಲೆ ಬದುಕುತ್ತದೆ.

ಮೂರನೆಯದು ಗಡಿ. ಜಿಎಸ್‌ಟಿ ಸಂಖ್ಯೆ 15 ಅಕ್ಷರದ್ದು. ಮೊದಲೆರಡು ರಾಜ್ಯದ ಸಂಕೇತ, ಮುಂದಿನ ಹತ್ತು ಪ್ಯಾನ್. ಕರ್ನಾಟಕ 29, ತಮಿಳುನಾಡು 33, ಆಂಧ್ರ 37. ಬೆಂಗಳೂರಿನ ಒಳಗೇ ವ್ಯಾಪಾರ ಮಾಡುವ ಅಂಗಡಿಗೆ ಇದು ಅಪರೂಪದ ಸಂಗತಿ ಇರಬಹುದು. ಮುಳಬಾಗಿಲಿನವರಿಗೆ ಪಲಮನೇರು, ಗೌರಿಬಿದನೂರಿನವರಿಗೆ ಹಿಂದೂಪುರ, ಮಾಲೂರಿನವರಿಗೆ ಹೊಸೂರು ದಿನನಿತ್ಯದ ಊರು, ತೆಲುಗಿನಲ್ಲೋ ತಮಿಳಿನಲ್ಲೋ ಮಾತಾಡಿ ಸರಕು ಕಳಿಸುತ್ತಾರೆ. ಶೇ 18ರ ಸರಕು ರಾಜ್ಯದೊಳಗಾದರೆ ಕೇಂದ್ರದ ಪಾಲು 9 ಸಿಜಿಎಸ್‌ಟಿ, ರಾಜ್ಯದ ಪಾಲು 9 ಎಸ್‌ಜಿಎಸ್‌ಟಿ. ಗಡಿ ದಾಟಿದರೆ ಪೂರ್ತಿ 18 ಐಜಿಎಸ್‌ಟಿ. ಪಾರ್ಟಿಯ ಲೆಡ್ಜರ್ ಮಾಡುವಾಗ ರಾಜ್ಯ ತಪ್ಪಿದರೆ ಬಿಲ್ಲಿನ ಮೊತ್ತ ಒಂದೇ ಇರುತ್ತದೆ, ತೆರಿಗೆ ಮಾತ್ರ ತಪ್ಪು ಲೆಕ್ಕದ ಶೀರ್ಷಿಕೆಯಡಿ ಹೋಗಿರುತ್ತದೆ. ಆಮೇಲೆ ಸರಿಯಾದ ಶೀರ್ಷಿಕೆಯಡಿ ಮತ್ತೆ ಕಟ್ಟಿ, ತಪ್ಪಾಗಿ ಕಟ್ಟಿದ್ದಕ್ಕೆ ರೀಫಂಡ್ ಅರ್ಜಿ ಹಾಕಿಕೊಂಡು ಕೂರಬೇಕು. ತಿಂಗಳವಾರು ಸಲ್ಲಿಸುವವರ ಮಾರಾಟದ ವಿವರದ ಜಿಎಸ್‌ಟಿಆರ್-1ಕ್ಕೆ ಮುಂದಿನ ತಿಂಗಳ 11, ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿಗೆ 20 ಕೊನೆಯ ದಿನ. ಇನ್ನೊಂದು ಮಾತು: 2025ರ ಸೆಪ್ಟೆಂಬರ್ 22ರಿಂದ ಶೇ 12 ಮತ್ತು 28ರ ದರಗಳು ಬಹುಪಾಲು ಹೋಗಿವೆ. ಆ ದರಗಳಲ್ಲೇ ಉದಾಹರಣೆ ಕೊಡುವ ನೋಟ್ಸನ್ನು ಇನ್ನೂ ಜೆರಾಕ್ಸ್ ಮಾಡಿ ಹಂಚುತ್ತಿದ್ದರೆ ಆ ತರಗತಿಯ ಬಗ್ಗೆ ಬೇರೇನೂ ಕೇಳಬೇಕಿಲ್ಲ.

ಇನ್ನು ಉದ್ದದ ಕೋರ್ಸುಗಳು. ಹತ್ತನೇ ತರಗತಿ ಪಾಸಾದವರಿಗೆ ಐಟಿಐಯ ಕೋಪಾ (ಕಂಪ್ಯೂಟರ್ ಆಪರೇಟರ್ ಮತ್ತು ಪ್ರೋಗ್ರಾಮಿಂಗ್ ಅಸಿಸ್ಟೆಂಟ್) ಒಂದು ವರ್ಷದ್ದು, ರಾಷ್ಟ್ರಮಟ್ಟದ ಪ್ರಮಾಣಪತ್ರ ಸಿಗುತ್ತದೆ. ಬ್ಯಾಂಕುಗಳು ಜಿಲ್ಲೆಗೊಂದರಂತೆ ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಕಲಿಕೆಯೂ ಊಟವೂ ವಸತಿಯೂ ಪುಕ್ಕಟೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿ ಅದು. ಪಾವಗಡದ ಕಡೆಯಿಂದಲೋ ಬಾಗೇಪಲ್ಲಿಯ ಒಳಹಳ್ಳಿಗಳಿಂದಲೋ ಬರುವವರಿಗೆ ಸಂಜೆಯ ಬಸ್ಸಿನ ಚಿಂತೆ ಇಲ್ಲದಿರುವುದೇ ದೊಡ್ಡ ಅನುಕೂಲ. ಯುಜಿಸಿ ರೂಪಿಸಿದ ಸಮುದಾಯ ಕಾಲೇಜಿನ ಚೌಕಟ್ಟಿನಲ್ಲಿ ಆರು ತಿಂಗಳಿಗೆ ಸರ್ಟಿಫಿಕೇಟ್ 30 ಕ್ರೆಡಿಟ್, ವರ್ಷಕ್ಕೆ ಡಿಪ್ಲೊಮಾ 60, ಎರಡು ವರ್ಷಕ್ಕೆ ಅಡ್ವಾನ್ಸ್ಡ್ ಡಿಪ್ಲೊಮಾ 120. ನಡುವೆ ಬಿಟ್ಟರೂ ಅಲ್ಲಿವರೆಗಿನದು ಕೈಯಲ್ಲಿರುತ್ತದೆ. 30ರಲ್ಲಿ 18 ಕೌಶಲದ್ದು, 12 ಸಾಮಾನ್ಯ ಕಲಿಕೆಯದು. ಈ 12 ಕ್ರೆಡಿಟ್ಟನ್ನು ಹರಟೆಯ ತರಗತಿ ಎಂದುಕೊಳ್ಳುವ ರೂಢಿ ಇದೆ. ಮೂರು ಸಾಲಿನ ಮೇಲ್ ತಪ್ಪಿಲ್ಲದೆ ಬರೆಯುವುದು ಅಲ್ಲೇ ಬರಬೇಕು.

ನರಸಾಪುರ, ವೇಮಗಲ್, ಮಾಲೂರು ಅಥವಾ ತುಮಕೂರಿನ ವಸಂತನರಸಾಪುರದ ಕಡೆ ಮುಖ ಮಾಡಿದವರು ತಿಳಿದುಕೊಳ್ಳಬೇಕಾದ್ದು ಇಷ್ಟು: ಅಲ್ಲಿ ಕಂಪ್ಯೂಟರ್ ಕೆಲಸ ಶುರುವಾಗುವುದು ಸ್ಟೋರ್ಸ್‌ನಲ್ಲಿ. ಲಾರಿ ಬಂತು, ಗೇಟಿನಲ್ಲಿ ಇನ್‌ವರ್ಡ್ ಆಯಿತು, ಇನ್‌ವಾಯ್ಸಿನಲ್ಲಿ 500 ಎಂದಿದೆ, ಎಣಿಸಿದರೆ 488. ಜಿಆರ್‌ಎನ್, ಅಂದರೆ ಮಾಲು ಬಂದದ್ದರ ಚೀಟಿ, ಎಷ್ಟಕ್ಕೆ ಹಾಕಬೇಕು? 488ಕ್ಕೆ, 12 ಕೊರತೆ ಎಂದು ಬರೆದು. 500ಕ್ಕೆ ಹಾಕಿ ನಾಳೆ ಬರುತ್ತದಂತೆ ಎಂದು ಬಿಟ್ಟರೆ ಆ ಹನ್ನೆರಡು ಇಲ್ಲದ ಮಾಲಿಗೆ ದುಡ್ಡು ಹೋಗುತ್ತದೆ. ಕಂಪನಿಯ ದಾಸ್ತಾನು, ಲೆಕ್ಕ ಎಲ್ಲ ನೋಡಿಕೊಳ್ಳುವ ಇಆರ್‌ಪಿ ಸಾಫ್ಟ್‌ವೇರಿನ ಪರದೆ ಕಂಪನಿಗೊಂದು ಥರ, ಅದನ್ನು ಅವರೇ ಎರಡು ದಿನದಲ್ಲಿ ಕಲಿಸುತ್ತಾರೆ. ಎಣಿಸಿದ್ದನ್ನೇ ಬರೆಯುವುದನ್ನು ಕಲಿಸಲು ಅವರಿಗೆ ಪುರುಸೊತ್ತಿಲ್ಲ.

ಸೇರುವ ಮುಂಚೆ ಲ್ಯಾಬಿನೊಳಗೆ ಹೋಗಿ ಹತ್ತು ನಿಮಿಷ ನಿಂತು ಬನ್ನಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೇ ಯಂತ್ರಗಳಿಗೆ 11 ಹತ್ತುವುದಿಲ್ಲ. ಅಂಥ ಕಡೆ ಲಿನಕ್ಸ್ ಮತ್ತು ಲಿಬ್ರೆಆಫೀಸ್ ಹಾಕಿದ್ದರೆ ಅದು ಕೊರತೆಯಲ್ಲ, ಸಿಸಿಸಿ ಪಠ್ಯದಲ್ಲಿರುವುದೂ ಲಿಬ್ರೆಆಫೀಸೇ. ಕರೆಂಟು ಹೋದರೆ ಯುಪಿಎಸ್ ಎಷ್ಟು ನಿಮಿಷ ತಡೆಯುತ್ತದೆ ಕೇಳಿ. ಆಫೀಸ್ ತಾನಾಗಿ ಉಳಿಸಿಕೊಳ್ಳುವುದು ಹತ್ತು ನಿಮಿಷಕ್ಕೊಮ್ಮೆ, ಯುಪಿಎಸ್ ಸತ್ತಿದ್ದರೆ ಅಷ್ಟು ಹೊತ್ತಿನ ಕೆಲಸ ಹೋದಂತೆ.

ಆಮೇಲೆ ಪರದೆಯ ಬಲಗಡೆ ಕೆಳಮೂಲೆಯ ಗಡಿಯಾರ ನೋಡಿ. ವರ್ಷ ಎಂಟು ಹತ್ತು ಹಿಂದಿನದನ್ನು ತೋರಿಸುತ್ತಿದ್ದರೆ ಮದರ್‌ಬೋರ್ಡಿನ ಮೇಲಿರುವ ಸಿಆರ್2032 ಎಂಬ ಮೂರು ವೋಲ್ಟಿನ ಬಿಲ್ಲೆ ಸತ್ತಿದೆ ಎಂದರ್ಥ. ತಾರೀಕು ತಪ್ಪಿದ ಯಂತ್ರದಲ್ಲಿ ಬ್ಯಾಂಕು, ಸೇವಾಸಿಂಧು, ಮೇಲ್ ಯಾವುದೂ ತೆರೆಯುವುದಿಲ್ಲ. ಸೈಟಿನ ಭದ್ರತಾ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲ ಎಂದು ಬ್ರೌಸರ್ ತಿಳಿಯುತ್ತದೆ. ಮಕ್ಕಳು ನೆಟ್ ಇಲ್ಲ ಎಂದುಕೊಂಡು ಸುಮ್ಮನೆ ಕೂತಿರುತ್ತಾರೆ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುವ ಬಿಲ್ಲೆ ಅದು. ಹಾಕುವ ಮುಂಚೆ ಪ್ಲಗ್ ಕಿತ್ತು, ಬರಹ ಇರುವ ಮುಖ ಮೇಲೆ ಬರುವ ಹಾಗೆ ಕೂರಿಸಿ, ಕ್ಲಿಪ್ಪು ಟಕ್ ಎನ್ನುವವರೆಗೆ ಒತ್ತಬೇಕು.